ಅಟ್ಟದ ಮೇಲೆ ಅಜ್ಜನ ರಾಲೀ ಸೈಕಲ್ ಸಿಕ್ತು, ಪಕ್ಕದಲ್ಲೇ 'ಹೌಸ್' ಅಂತ ಬರೆದ ಕ್ಯಾಸೆಟ್ಟು. ಎರಡಕ್ಕೂ ದಾರಿ ಹೇಳಿ

ಸಂತೆಪೇಟೆ ಹೈದ:
ಎಲ್ರಿಗೂ ನಮಸ್ಕಾರ. ಹೋದ ಭಾನುವಾರ ಸಕಲೇಶಪುರದ ಕಡೆ ಅಜ್ಜನ ಮನೆ ಅಟ್ಟ ಖಾಲಿ ಮಾಡೋಕೆ ಹೋಗಿದ್ವಿ. ಹಳೇ ಮೆಣಸಿನ ಚೀಲ, ತೂತು ಬಿದ್ದ ಹಂಡೆ ಎಲ್ಲ ಇಳಿಸಿದ ಮೇಲೆ ಮೂಲೇಲಿ ಗೋಣಿತಾಟು ಹೊದ್ಕೊಂಡು ನಿಂತಿತ್ತು ಅಜ್ಜನ ರಾಲೀ ಸೈಕಲ್. 28 ಇಂಚಿನ ಚಕ್ರ, ರಾಡ್ ಬ್ರೇಕು, ಪೆಡಲ್ ಹತ್ರದ ಹಲ್ಚಕ್ರದಲ್ಲಿ ಮೂರು ಕೊಕ್ಕರೆ ತಲೆ. ಹಿಂದಿನ ಚಕ್ರದ ನಡುವಿನ ಹಬ್ ಒಳಗೇ ಮೂರು ಗೇರು. ಅಜ್ಜ ಎಸ್ಟೇಟಲ್ಲಿ ರೈಟ್ರಾಗಿದ್ರು. 1947ರಲ್ಲಿ ದೊರೆ ಊರು ಬಿಡುವಾಗ 'ನನ್ನ ನೆನಪಿಗೆ ಇಟ್ಕೋ' ಅಂತ ಉಡುಗೊರೆ ಕೊಟ್ಟಿದ್ದು ಅಂತ ಮನೇಲೆಲ್ಲ ಹೇಳ್ತಾರೆ.

ಅದರ ಪಕ್ಕ ಒಂದು ತಗಡಿನ ಟ್ರಂಕು. ಚಿಕ್ಕಪ್ಪ 88ರಿಂದ 90ರ ತನಕ ದುಬೈನಲ್ಲಿದ್ರು, ಆಗ ತಂದ ಕ್ಯಾಸೆಟ್ಟು, ಒಟ್ಟು 14. ಮೇಲೆ ಅವ್ರದೇ ಕೈಬರಹ: ಹೌಸ್-1, ಹೌಸ್-2, ಡಿಸ್ಕೋ, ಹಿಪ್ ಹಾಪ್. ಚಿಕ್ಕಮ್ಮ ಇಷ್ಟು ವರ್ಷ 'ಹೌಸ್' ಅಂದ್ರೆ ಗೃಹಪ್ರವೇಶದ ಕ್ಯಾಸೆಟ್ಟು ಅಂದ್ಕೊಂಡೇ ಜೋಪಾನ ಮಾಡಿದ್ರಂತೆ! ಒಂದನ್ನ ಹಾಕಿ ನೋಡಿದೆ. ಅರ್ಧ ಗಂಟೆ ಆದ್ರೂ ಹಾಡು ಮುಗಿಯಲ್ಲ, ಡುಬ್ ಡುಬ್ ಡುಬ್ ಅಂತ ಒಂದೇ ಸಮ. ಟೇಪ್ ಸಿಕ್ಕಾಕೊಂಡಿದ್ಯಾ ಅಂತ ಎರಡು ಸಲ ತೆಗೆದು ನೋಡಿದೆ. ಆಮೇಲೆ ಅದೇ ಹಾಕ್ಕೊಂಡು ರಾತ್ರಿ ಹನ್ನೆರಡರ ತನಕ ಶೆಡ್ಡಲ್ಲಿ ತುಕ್ಕು ಉಜ್ಜಿದೆ. ಚಟ ಹತ್ತಿಬಿಟ್ಟಿದೆ.

ಈಗ ವಿಷಯ. ಎಡಗಡೆ ಕ್ರ್ಯಾಂಕನ್ನ, ಅಂದ್ರೆ ಪೆಡಲ್ ಕೂರೋ ತೋಳನ್ನ, ಬಿಗಿದಿರೋ ಕಾಟರ್ ಪಿನ್ ಅಲ್ಲಾಡ್ತಿಲ್ಲ, ಹೊಡೆದೂ ಹೊಡೆದೂ ಸುತ್ತಿಗೆ ಕಾವೇ ಮುರೀತು. ಚಿಕ್ಕಪ್ಪನ ಮಗ ಹಳೇ ಬಣ್ಣ ಕೆರೆಸಿ ಪೌಡರ್ ಕೋಟಿಂಗ್ (ಬಣ್ಣದ ಪುಡಿ ಹೊಡೆದು ಕಾಯಿಸೋದು) ಮಾಡಿಸೋಣ ಅಂತಾನೆ, ಮಾಡಿಸ್ಲಾ? ಇನ್ನು ಕ್ಯಾಸೆಟ್ಟಲ್ಲಿ ಬಿಳೀ ಬೂಷ್ಟು ಕಾಣ್ತಿದೆ, ಅದಕ್ಕೇನು ಮಾಡ್ಬೇಕು?

ಬೇಲೂರು ಬೈಪಾಸ್:
ಫೋಟೋ ಹಾಕು ಗುರು ಮೊದ್ಲು. ಕೊಕ್ಕರೆ ನೋಡ್ಬೇಕು.

ಹಳೇ ಸ್ಪ್ಯಾನರ್:
ಹೈದ, ಸುತ್ತಿಗೆ ಕೆಳಗಿಡು. ಕಾಟರ್ ಪಿನ್ನಿಗೆ ಸಣ್ಣ ಸಣ್ಣ ಏಟು ಇಪ್ಪತ್ತು ಕೊಟ್ರೆ ಅದು ಆಚೆ ಬರಲ್ಲ, ತುದಿ ಅಣಬೆ ಥರ ಅರಳ್ಕೊಂಡು ಇನ್ನೂ ಕಚ್ಕೊಳ್ಳುತ್ತೆ. ನಮ್ಮಪ್ಪನ ಸೈಕಲ್ ಶಾಪಲ್ಲಿ ನಾನು ಮೊದಲ ಸಲ ಬೈಸ್ಕೊಂಡಿದ್ದು ಇದಕ್ಕೇ.

ಎರಡೂ ಕಡೆಯಿಂದ ಡೀಸೆಲ್ ಬಿಟ್ಟು ಮೂರು ದಿನ ಸುಮ್ನಿರು. ನಟ್ ಪೂರ್ತಿ ಬಿಚ್ಚಬೇಡ, ಪಿನ್ನಿನ ತುದಿಗೆ ಸಮ ಬರೋ ತನಕ ಸಡಿಲಿಸು, ಥ್ರೆಡ್ ಉಳ್ಕೊಳ್ಳುತ್ತೆ. ಆಮೇಲೆ ಒಂದು ದಪ್ಪ ಕಬ್ಬಿಣದ ಪೈಪು ತಗೊಂಡು ನೆಲಕ್ಕೂ ಕ್ರ್ಯಾಂಕಿಗೂ ಮಧ್ಯ ಬಿಗಿಯಾಗಿ ನಿಲ್ಸು. ಪಿನ್ನಿನ ದಪ್ಪ ತಲೆ ಪೈಪಿನ ತೂತೊಳಗೆ ಇಳಿಯೋ ಹಾಗಿರ್ಬೇಕು. ಈಗ ಕೆಜಿ ತೂಕದ ಸುತ್ತಿಗೇಲಿ ಒಂದು ಏಟು. ಒಂದೇ. ಪೈಪಿಲ್ದೆ ಹೊಡೆದ್ರೆ ಆ ಏಟನ್ನೆಲ್ಲ ತಿನ್ನೋದು ಒಳಗಿನ ಗುಂಡುಗಳು, ಒಂದೊಂದು ಬದಿಗೆ ಹನ್ನೊಂದರಂತೆ ಇಪ್ಪತ್ತೆರಡಿರ್ತವೆ ಅಲ್ಲಿ. ಆ ಗುಂಡುಗಳು ಕೂರೋ ಕಪ್ಪಿನಲ್ಲಿ ಗುಳಿ ಬಿದ್ರೆ ಮುಗೀತು. ಕಪ್ಪಿನ ಕಥೆ ಇನ್ನೊಂದು: ಬೇರೆ ಇಂಗ್ಲಿಷ್ ಸೈಕಲ್ಲಿಗೆಲ್ಲ ಇಂಚಿಗೆ 24 ಸುತ್ತಿನ ಥ್ರೆಡ್ ಇದ್ರೆ ರಾಲೀಯೋರು ಮಾತ್ರ 26 ಇಟ್ಕೊಂಡಿದ್ರು. ಅಂಗಡೀಲಿ ಸಿಗೋ ಕಪ್ ಎರಡು ಸುತ್ತು ಹೋಗಿ ನಿಂತ್ಬಿಡುತ್ತೆ. ಬಲವಂತ ಮಾಡಿದ್ರೆ ಫ್ರೇಮೇ ಹಾಳು. ಹಳೇ ಕಪ್ಪನ್ನ ಮಕ್ಕಳ ಥರ ನೋಡ್ಕೋ.

ಮೂಡಿಗೆರೆ ಮಳೆ:
ಬೂಷ್ಟು ಹಿಡಿದ ಕ್ಯಾಸೆಟ್ಟನ್ನ ಹಾಕಿ ನೋಡಿದೆ ಅಂತ ಎಷ್ಟು ಸಲೀಸಾಗಿ ಹೇಳ್ತೀಯ ಮಾರಾಯ! ಆ ಪ್ಲೇಯರಲ್ಲಿ ಇನ್ನು ಯಾವ ಕ್ಯಾಸೆಟ್ಟು ಹಾಕಿದ್ರೂ ಅದಕ್ಕೂ ಹತ್ತುತ್ತೆ. ಮೊದ್ಲು ಹೆಡ್ಡು, ರಬ್ಬರ್ ರೋಲರು ಎರಡನ್ನೂ ಸ್ಪಿರಿಟ್ಟಲ್ಲಿ ಅದ್ದಿದ ಹತ್ತೀಲಿ ಒರೆಸು.

ಮಲೆನಾಡಲ್ಲಿ ಕ್ಯಾಸೆಟ್ಟು ಇಟ್ಕೊಂಡೋರಿಗೆಲ್ಲ ಇದೇ ಪಾಡು, ನಮ್ಮನೇಲಿ ಮಳೆಗಾಲದಲ್ಲಿ ಚಪ್ಪಲಿಗೇ ಬೂಷ್ಟು ಬರುತ್ತೆ. ಕ್ಯಾಸೆಟ್ಟುಗಳನ್ನ ಡಬ್ಬಿಗೆ ಹಾಕಿ ಸಿಲಿಕಾ ಜೆಲ್ ಪೊಟ್ಟಣ ನಾಲ್ಕಿಟ್ಟು ವಾರ ಬಿಡು. ಬಿಸಿಲಿಗಿಡಬೇಡ, ಒಲೆ ಪಕ್ಕಾನೂ ಬೇಡ. ಒಣಗಿದ ಮೇಲೆ ಮೂಗಿಗೆ ಬಟ್ಟೆ ಕಟ್ಕೊಂಡು, ಪೆನ್ಸಿಲ್ ತೂರಿಸಿ ನಿಧಾನ ತಿರುಗಿಸ್ತಾ ಟೇಪನ್ನ ಮೆತ್ತನೆ ಬಟ್ಟೇಲಿ ಹಾಯಿಸು. ಮೂಲೇಲಿ ಸ್ಕ್ರೂ ಇದ್ರೆ ಅದೃಷ್ಟ, ಬಿಚ್ಚಿ ಸುರುಳೀನ ಬೇರೆ ಡಬ್ಬಿಗೆ ಹಾಕ್ಬಹುದು. ಒಂದೇ ಸಲ ಹಾಕು, ಆಗಲೇ ಕಂಪ್ಯೂಟರ್‌ಗೆ ರೆಕಾರ್ಡ್ ಮಾಡ್ಕೋ. 90 ನಿಮಿಷದ ಕ್ಯಾಸೆಟ್ಟಾದ್ರೆ ಒಂದೊಂದು ಬದಿಗೆ 45 ನಿಮಿಷ. 120ರದಾದ್ರೆ ದೇವ್ರೇ ಗತಿ, ಟೇಪು ಈರುಳ್ಳಿ ಸಿಪ್ಪೆಗಿಂತ ತೆಳು.

ಸೌಂಡ್ಸ್ ಮಾವ:
ನಾನು ಅರಸೀಕೇರೇಲಿ ಇಪ್ಪತ್ತು ವರ್ಷ ಸೌಂಡ್ಸ್ ಅಂಗಡಿ ಇಟ್ಟಿದ್ದೆ. ಈ ಹೌಸ್, ಹಿಪ್ ಹಾಪ್ ಎಲ್ಲ ಡಿಜೆಗಳ ಕಲೆ ಅಂತಾರೆ. ನಮ್ಮ ಕಡೆ ಡಿಜೆ ಅಂದ್ರೆ ಟ್ರ್ಯಾಕ್ಟರ್ ಮೇಲೆ ಎಂಟು ಬಾಕ್ಸು, ಹಿಂದೆ ಜನರೇಟರು, ಮುಂದೆ ಗಣಪತಿ, ಅದಕ್ಕೂ ಮುಂದೆ ಪೊಲೀಸು. ಯಾರೋ ಮಾಡಿಟ್ಟ ಹಾಡನ್ನ ಇನ್ಯಾರೋ ಒಂದಾದ್ಮೇಲೊಂದು ಹಾಕೋದರಲ್ಲಿ ಅಂಥಾ ಕಲೆ ಏನಿದೆ? ಆ ಕೆಲಸ ನಮ್ಮ ಲೈಟ್ ಹುಡುಗಾನೂ ಮಾಡ್ತಿದ್ದ.

ಮೂವತ್ಮೂರು ಸುತ್ತು:
ಮಾವ, ಅಲ್ಲೇ ನೀವು ಎಡವಿದ್ದು. 'ಒಂದಾದ್ಮೇಲೊಂದು' ಹಾಕೋದಲ್ಲ, ಒಂದರೊಳಗೆ ಒಂದು ಹಾಕೋದು. ರೆಕಾರ್ಡು ತಿರುಗಿಸೋ ಟರ್ನ್‌ಟೇಬಲ್ಲು ಎರಡು, ನಡುವೆ ಮಿಕ್ಸರು. ಈ ಕಡೆ ತಟ್ಟೇಲಿ ನಿಮಿಷಕ್ಕೆ 118 ಬೀಟಿನ ಹಾಡು ಓಡ್ತಿದೆ, ಆ ಕಡೆದು 122. ಹೆಡ್‌ಫೋನ್ ಒಂದು ಕಿವಿಗೆ ಮಾತ್ರ ಇಟ್ಕೊಂಡು, ವೇಗ ಹೆಚ್ಚುಕಮ್ಮಿ ಮಾಡೋ ಪಿಚ್ ಕಡ್ಡಿ ಜಾರಿಸಿ, ಎರಡರ ಡುಬ್ಬೂ ಒಂದೇ ಹೆಜ್ಜೆಗೆ ಬಿದ್ದ ಮೇಲೆ ನಿಧಾನಕ್ಕೆ ಒಂದನ್ನ ಏರಿಸಿ ಇನ್ನೊಂದನ್ನ ಇಳಿಸೋದು. ಡಿಜೆಗಳ ಟರ್ನ್‌ಟೇಬಲ್ಲು ಟೆಕ್ನಿಕ್ಸ್ ಎಸ್ಎಲ್-1200 ಬಂದಿದ್ದು 1972ರಲ್ಲಿ. 79ರಲ್ಲಿ ಬಂದ ಅದರ ಎಂಕೆ2 ಮಾಡೆಲ್ಲಿಗೆ ಆ ಜಾರೋ ಪಿಚ್ ಕಡ್ಡಿ ಬಂತು, ಆಚೆ ಈಚೆ ಶೇಕಡಾ 8. ಬೆಲ್ಟಿಲ್ಲ, ಮೋಟಾರು ನೇರ ತಟ್ಟೆಗೇ. ಅದಕ್ಕೇ ಕೈಯಲ್ಲಿ ತಡೆದು ಬಿಟ್ರೂ ತಕ್ಷಣ ವೇಗ ಹಿಡಿಯುತ್ತೆ. ಹೈದ, ನಿನ್ನ ಹಾಡು ಮುಗಿಯದೇ ಇದ್ದಿದ್ದು ಇದಕ್ಕೇ. ಆ ಅರ್ಧ ಗಂಟೇಲಿ ಏಳೆಂಟು ಹಾಡು ದಾಟಿ ಹೋಗಿರ್ತವೆ, ಹೊಲಿಗೆ ಕಾಣಲ್ಲ ಅಷ್ಟೆ.

ಇನ್ನು 'ಹೌಸ್'. ಚಿಕ್ಕಮ್ಮ ಪೂರ್ತಿ ತಪ್ಪೇನಲ್ಲ. ಶಿಕಾಗೋದಲ್ಲಿ 'ವೇರ್‌ಹೌಸ್' ಅಂತ ಕ್ಲಬ್ಬಿತ್ತು. 1977ರಿಂದ ಅಲ್ಲಿ ಫ್ರಾಂಕೀ ನಕಲ್ಸ್ ಅನ್ನೋ ಡಿಜೆ ಹಾಕ್ತಿದ್ದ ಡಿಸ್ಕೋಗೆ ಊರೋರೆಲ್ಲ ವೇರ್‌ಹೌಸ್ ಹಾಡು ಅಂತಿದ್ರು, ಅದರ ಬಾಲ ಉಳ್ಕೊಂಡು ಹೌಸ್ ಆಯ್ತು ಅಂತ ಹೇಳ್ತಾರೆ. 1979ರ ಜುಲೈ 12ಕ್ಕೆ ಅದೇ ಊರಿನ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೋ ರೆಕಾರ್ಡು ರಾಶಿ ಹಾಕಿ ಸಿಡಿಸಿದ್ರು, ಗಲಾಟೆಗೆ ಎರಡನೇ ಆಟಾನೇ ನಡೀಲಿಲ್ಲ. ದೊಡ್ಡ ಕಂಪನಿಗಳು ಡಿಸ್ಕೋ ಕೈಬಿಟ್ಟ ಮೇಲೆ ಈ ಹುಡುಗರು ಇದ್ದ ರೆಕಾರ್ಡುಗಳಿಗೇ ಡ್ರಮ್ ಮಷೀನ್ ಸೇರಿಸಿ ನಡೆಸ್ಕೊಂಡು ಹೋದ್ರು. ನಿನ್ನ ಚಿಕ್ಕಪ್ಪನ ಡಿಸ್ಕೋ ಕ್ಯಾಸೆಟ್ಟೂ ಹೌಸ್ ಕ್ಯಾಸೆಟ್ಟೂ ತಾಯಿ-ಮಗು.

ಹಿಪ್ ಹಾಪ್ ಇನ್ನೊಂದು ಊರಿಂದು. 1973ರ ಆಗಸ್ಟ್ 11, ನ್ಯೂಯಾರ್ಕಿನ ಬ್ರಾಂಕ್ಸ್, ಸೆಡ್ಜ್‌ವಿಕ್ ಅವೆನ್ಯೂ 1520ನೇ ನಂಬರಿನ ಕಟ್ಟಡ. ಜಮೈಕಾದಿಂದ ಬಂದ ಡಿಜೆ ಕೂಲ್ ಹರ್ಕ್‌ನ ತಂಗಿ ಸಿಂಡಿ ಸ್ಕೂಲ್ ಬಟ್ಟೆಗೆ ದುಡ್ಡು ಕೂಡಿಸೋಕೆ ಪಾರ್ಟಿ ಮಾಡಿದ್ಲು. ಹುಡ್ಗೀರಿಗೆ 25 ಸೆಂಟು, ಹುಡುಗರಿಗೆ 50. ಹಾಡಿನ ನಡುವೆ ಬರೀ ಡ್ರಮ್ ಬರೋ ಜಾಗದಲ್ಲಿ ಜನ ಹುಚ್ಚೆದ್ದು ಕುಣೀತಾರೆ ಅಂತ ಹರ್ಕ್ ಗಮನಿಸಿದ್ದ. ಒಂದೇ ರೆಕಾರ್ಡಿನ ಎರಡು ಪ್ರತಿ ಇಟ್ಕೊಂಡು, ಇದರಲ್ಲಿ ಆ ಜಾಗ ಮುಗಿಯೋ ಹೊತ್ತಿಗೆ ಅದರಲ್ಲಿ ಶುರು. ಹತ್ತು ಸೆಕೆಂಡಿನ ಡ್ರಮ್ಮನ್ನ ಎಷ್ಟು ಹೊತ್ತು ಬೇಕಾದ್ರೂ ಎಳೀಬಹುದು. ಇದನ್ನ ನಿಮ್ಮ ಲೈಟ್ ಹುಡುಗ ಮಾಡ್ತಿದ್ನಾ ಮಾವ?

ಸೌಂಡ್ಸ್ ಮಾವ:
ಮಾಡ್ತಿರ್ಲಿಲ್ಲ ಬಿಡಪ್ಪ. ಆದ್ರೆ 25 ಸೆಂಟು 50 ಸೆಂಟು ಬೋರ್ಡು ನಮ್ಮ ಆರ್ಕೆಸ್ಟ್ರಾಗೂ ಹಾಕ್ಬೇಕಿತ್ತು, ಬಾಕಿ ವಸೂಲಾಗದೇ ಅಂಗಡಿ ಮುಚ್ಚಿದ್ದು ನಾನು.

ನಿವೃತ್ತ ಮೇಷ್ಟ್ರು:
ಬಣ್ಣದ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲ. ದಯವಿಟ್ಟು ಬಣ್ಣ ಮುಟ್ಟಬೇಡಿ. ಹಳೆಯ ರಾಲೀಯ ಕಪ್ಪು ಬಣ್ಣದ ಮೇಲೆ ಸಣ್ಣ ಚಿನ್ನದ ಗೆರೆ ಇರುತ್ತದೆ. ಕೈಯಲ್ಲಿ ಎಳೆದದ್ದು ಒಮ್ಮೆ ಹೋದರೆ ಹೋಯಿತು. ಕ್ರೋಮಿನ ತುಕ್ಕಿಗೆ ಅಲ್ಯುಮಿನಿಯಂ ಫಾಯಿಲ್ ಒದ್ದೆ ಮಾಡಿ ಉಜ್ಜಿ. ಸಣ್ಣ ನಟ್ಟು ಬೋಲ್ಟುಗಳನ್ನು ಹುಣಸೆಹುಳಿ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ ಸೋಡಾಪುಡಿ ನೀರಿನಲ್ಲಿ ತೊಳೆದು ತಕ್ಷಣ ಒರೆಸಿ ಎಣ್ಣೆ ಹಚ್ಚಿ.

ಬೇಲೂರು ಬೈಪಾಸ್:
ಮೇಷ್ಟ್ರು ಹೇಳಿದ್ದು ಸರಿ. ನಾನು ನಮ್ಮ ಮಾವನ ಸೈಕಲ್ಲನ್ನ ಪೌಡರ್ ಕೋಟಿಂಗಿಗೆ ಕೊಟ್ಟೆ, ಅಂಗಡಿ ಹೆಸರು ಬೇಡ. ಮೊದ್ಲು ಮರಳು ಹೊಡೆದು ಎಲ್ಲಾ ಕೆರೆದ್ರು. ವಾಪಸ್ ಬಂದಾಗ ಹೊಸ ಗ್ಯಾಸ್ ಸ್ಟವ್ ಥರ ಹೊಳೀತಿತ್ತು. ಫ್ರೇಮ್ ನಂಬರ್ ಮುಚ್ಚೋಗಿತ್ತು, ಹ್ಯಾಂಡಲ್ ಕೆಳಗಿನ ಪಿತ್ತಾಳೆ ಬ್ಯಾಡ್ಜು ಅವರ ಕಸದ ಬುಟ್ಟೀಲಿತ್ತು. ನಮ್ಮತ್ತೆ ನೋಡಿ 'ಇದು ಅವರದ್ದಲ್ಲ' ಅಂದ್ರು, ಆಮೇಲೆ ಆ ಕಡೆ ತಿರುಗಿ ನೋಡ್ಲಿಲ್ಲ.

ಕೈಮರದ ಏರು:
ನಾನು ಒಪ್ಪಲ್ಲ. ಚಿಕ್ಕಮಗಳೂರಿನ ಮಳೇಲಿ ತುಳಿಯೋ ಸೈಕಲ್ಲಿಗೆ ಬಣ್ಣ ಬೇಕೇ ಬೇಕು. ಚಿನ್ನದ ಗೆರೆ ಚಿನ್ನದ ಗೆರೆ ಅಂತ ಒಳಗಿಂದ ಕೊಳೆಯೋಕೆ ಬಿಡ್ತೀರಾ? ಇದು ತುಳಿಯೋಕಾ, ಆಯುಧಪೂಜೆಗೆ ಕುಂಬಳಕಾಯಿ ಒಡೆಯೋಕಾ, ಮೊದ್ಲು ತೀರ್ಮಾನ ಮಾಡಿ.

ಹಳೇ ಸ್ಪ್ಯಾನರ್:
ಕೊಳೆಯೋದು ಒಳಗಿಂದ ಅಂತ ನೀವೇ ಹೇಳಿದ್ರಿ. ಪೌಡರ್ ಹೊಡೆಯೋದು ಹೊರಗೆ. ಸೀಟ್ ಪೈಪ್ ತೆಗೆದು ಒಳಗೆ ಎಣ್ಣೆ ಸುರಿದು ಫ್ರೇಮ್ ಉರುಳಿಸಿ ಇಡಿ, ಅಷ್ಟು ಸಾಕು.

ಕೈಮರದ ಏರು:
ಸರಿ ಅಣ್ಣ, ಸೋತೆ.

ಸಂತೆಪೇಟೆ ಹೈದ:
ಪಿನ್ ಬಂತು!! ಮೂರು ದಿನ ಡೀಸೆಲ್ಲು, ಬೋರ್‌ವೆಲ್ ಪೈಪಿನ ತುಂಡು, ಒಂದೇ ಏಟು. ಟಣ್ ಅಂತ ಪಿನ್ ಪೈಪೊಳಗೆ ಬಿದ್ದ ಸದ್ದು ಕೇಳಿ ಅಮ್ಮ ಒಳಗಿಂದ ಓಡಿ ಬಂದ್ರು. ಸ್ಪ್ಯಾನರ್ ಅಣ್ಣ, ನಿಮ್ಮ ಕಾಲಿಗೆ ಬೀಳ್ತೀನಿ.

ಆದ್ರೆ ಹೊಸ ತಲೆನೋವು. ಹಿಂದಿನ ಹಬ್ಬಿನ ಮೇಲಿನ ಗ್ರೀಸ್ ಕೆರೆದಾಗ ಸ್ಟರ್ಮೀ-ಆರ್ಚರ್, ಎಡಬ್ಲ್ಯು, ಪಕ್ಕ 52 ಅಂತ ಅಚ್ಚಿದೆ. 52 ಅಂದ್ರೇನು?

ಹಳೇ ಸ್ಪ್ಯಾನರ್:
1952. ಹಬ್ ತಯಾರಾದ ವರ್ಷ. ಸ್ಟರ್ಮೀ-ಆರ್ಚರ್ ಕಂಪನಿ, ಎಡಬ್ಲ್ಯು ಮಾಡೆಲ್ಲು.

ಬೇಲೂರು ಬೈಪಾಸ್:
ಹಾಗಾದ್ರೆ 47ರಲ್ಲಿ ಹೋದ ದೊರೆ 52ರ ಸೈಕಲ್ ಹೆಂಗ್ ಕೊಟ್ಟ? 😀

ಕೈಮರದ ಏರು:
ಹಬ್ ಆಮೇಲೆ ಬದಲಾಯಿಸಿರ್ಬಹುದು. ಆ ಮಾಡೆಲ್ ಬಂದಿದ್ದೇ 1936ರಲ್ಲಿ, 47ರ ಸೈಕಲ್ಲಿಗೂ ಅದೇ ಇರ್ತಿತ್ತು. ಕಡ್ಡಿ ಎಷ್ಟಿದೆ ಎಣಿಸು. ಮುಂದೆ 32, ಹಿಂದೆ 40 ಇದ್ರೆ ಒರಿಜಿನಲ್.

ಹಳೇ ಸ್ಪ್ಯಾನರ್:
ಕಡ್ಡಿ ಎಣಿಸಿ ವರ್ಷ ಹೇಳೋಕಾಗಲ್ಲ ತಮ್ಮಾ. ನಮ್ಮೂರಿನ ಹಾಲಿನ ಸೈಕಲ್ಲಿಗೂ ಮುಂದೆ 32, ಹಿಂದೆ 40. ಎಸ್ಟೇಟಲ್ಲಿ ಕೂತು ಇಂಗ್ಲೆಂಡಿಂದ ಬರೀ ಹಬ್ ತರಿಸಿ 40 ಕಡ್ಡಿ ಹೊಸದಾಗಿ ಹೆಣೆಸೋ ಪುಣ್ಯಾತ್ಮ ಯಾವನು? ಇಡೀ ಸೈಕಲ್ಲೇ 52ರದ್ದು.

ಸಂತೆಪೇಟೆ ಹೈದ:
ಅಪ್ಪಂಗೆ ಹೇಳಿದೆ. 'ಹಬ್ ಸುಳ್ಳು ಹೇಳ್ತಿದೆ' ಅಂದ್ರು.

ಸೌಂಡ್ಸ್ ಮಾವ:
ಸೈಕಲ್ ವಿಷ್ಯ ನೀವು ನೀವೇ ಬಗೆಹರಿಸ್ಕೊಳಿ. ಡಿಸ್ಕೋ ಅಂದಿದ್ದಕ್ಕೆ ನೆನಪಾಯ್ತು, ನಾಜಿಯಾ ಹಸನ್ ಅಂತ ಒಬ್ಬಾಕೆ ಹಾಡ್ತಿದ್ಲಲ್ಲ, ನಮ್ಮ ಅಂಗಡೀಲಿ ಹುಡುಗರೆಲ್ಲ ಆಕೆ ಹಾಸನದೋಳು ಅಂತ ನಂಬ್ಕೊಂಡಿದ್ರು.

ಮೂವತ್ಮೂರು ಸುತ್ತು:
ಹಸನ್ ಹಾಸನ ಅಲ್ಲ ಮಾವ, ಆಕೆ ಕರಾಚೀಲಿ ಹುಟ್ಟಿದೋಳು. ಆದ್ರೆ ನಂಟು ಇಲ್ಲದೇ ಇಲ್ಲ. 1980ರ 'ಕುರ್ಬಾನಿ' ಸಿನಿಮಾದಲ್ಲಿ ಆಕೆಯ ಹಾಡು ಮಾಡಿದ ಬಿದ್ದು ಅಪ್ಪಯ್ಯ ಬೆಂಗಳೂರಲ್ಲಿ ಹುಟ್ಟಿದ ಕೊಡವ. ಲಂಡನ್ನಿಗೆ ಹೋಗಿ 1974ರಲ್ಲಿ ಕಾರ್ಲ್ ಡಗ್ಲಸ್ ಹಾಡಿದ ಕುಂಗ್ ಫೂ ಹಾಡು ಮಾಡಿ ಜಗತ್ತನ್ನೇ ಕುಣಿಸಿದ್ದು ಅವರೇ. ಇನ್ನು ಬಾಂಬೆಯ ಚರಣ್‌ಜಿತ್ ಸಿಂಗ್ 1982ರಲ್ಲಿ ಹತ್ತು ರಾಗಗಳನ್ನ ರೋಲ್ಯಾಂಡ್ 808 ಡ್ರಮ್ ಮಷೀನು, 303 ಬೇಸ್ ಮಷೀನಿಗೆ ಕೂರಿಸಿ ರೆಕಾರ್ಡ್ ಮಾಡಿದ್ರು. ಶಿಕಾಗೋದೋರು ಆ 303ರಿಂದ ಆಸಿಡ್ ಹೌಸ್ ಅಂತ ಹೌಸ್‌ನದೇ ಒಂದು ಬಗೆ ಮಾಡಿದ್ದು ಅದಾಗಿ ಎಷ್ಟೋ ವರ್ಷಕ್ಕೆ. ಇಲ್ಲಿ ಆಗ ಯಾರೂ ಕೇಳ್ಲಿಲ್ಲ.

ನಿವೃತ್ತ ಮೇಷ್ಟ್ರು:
ಭೈರವಿಗೆ ಡ್ರಮ್ ಮಷೀನೇ? ಕೇಳಿ ನೋಡುತ್ತೇನೆ. ಬಯ್ಯುವುದಾದರೆ ಕೇಳಿಯೇ ಬಯ್ಯಬೇಕು.

ಸಂತೆಪೇಟೆ ಹೈದ:
ಚಕ್ರದ ಡೊಂಕು ತೆಗೀಬೇಕು ಇವತ್ತು. ಹೌಸ್-2 ಹಾಕ್ಕೊಂಡು ಕೂರ್ತೀನಿ. ಬ್ರೇಕ್ ಕಟ್ಟೆ (ರಿಮ್ಮಿಗೆ ಒತ್ತೋ ರಬ್ಬರು) ಪಕ್ಕ ಇಟ್ಕೊಂಡು ಎಡಕ್ಕೆ ಬಲಕ್ಕೆ ಎಷ್ಟು ಆಡ್ತಿದೆ ನೋಡ್ಕೊಂಡ್ರೆ ಸಾಕಲ್ವಾ?

ಹಳೇ ಸ್ಪ್ಯಾನರ್:
ಸಾಲದು. ಕೇಬಲ್ ಬ್ರೇಕು ರಿಮ್ಮನ್ನ ಪಕ್ಕದಿಂದ ಹಿಡಿಯುತ್ತೆ. ನಿನ್ನದು ರಾಡ್ ಬ್ರೇಕು, ಕಟ್ಟೆ ಒಳಗಿಂದ ಮೇಲಕ್ಕೆ ರಿಮ್ಮಿಗೆ ಒತ್ತುತ್ತೆ. ಪಕ್ಕಕ್ಕೆ ಎರಡು ಮಿಲಿಮೀಟರ್ ಆಡಿದ್ರೂ ನಡೆಯುತ್ತೆ, ಮೇಲೆ ಕೆಳಗೆ ಕುಣಿದ್ರೆ ಬ್ರೇಕು ಹಿಡಿದಾಗೆಲ್ಲ ಜಗ್ ಜಗ್ ಅಂತ ಬಡಿಯುತ್ತೆ. ಮೊದ್ಲು ಏರಿಳಿತ ತೆಗಿ.

ಇನ್ನೊಂದು: ಕಡ್ಡಿ ಬಿಗಿ ಮಾಡುವಾಗ ಟೇಪ್ ಬಂದ್ ಮಾಡು. ಬೆರಳಲ್ಲಿ ಒಂದೊಂದೇ ಕಡ್ಡಿ ಮೀಟು. ಒಂದೇ ಬದಿಯ ಕಡ್ಡಿಗಳೆಲ್ಲ ಹೆಚ್ಚುಕಮ್ಮಿ ಒಂದೇ ಸ್ವರ ಕೊಡ್ಬೇಕು. ಒಂದು 'ಡೊಕ್' ಅಂದ್ರೆ ಅದು ಸಡಿಲ, ಪಕ್ಕದ್ದು ಅದರ ಭಾರಾನೂ ಹೊತ್ತು 'ಟಿಂಗ್' ಅಂತಿರುತ್ತೆ. ಹಾಗೇ ಬಿಟ್ರೆ ಕಡ್ಡಿ ಮುರಿಯುತ್ತೆ. ನಮ್ಮಪ್ಪ ಕಣ್ಮುಚ್ಚಿ ಮೀಟಿ ಹೇಳೋರು ಯಾವ ಕಡ್ಡಿ ಅಂತ.

ಮೂವತ್ಮೂರು ಸುತ್ತು:
ಡಿಜೆ ಒಂದು ಕಿವಿಗೆ ಹೆಡ್‌ಫೋನ್ ಇಟ್ಕೊಳ್ಳೋದೂ ಇದಕ್ಕೇ ಅಣ್ಣ. ನಿಮ್ಮಪ್ಪನ ಕೈಗೆ ಎರಡು ತಟ್ಟೆ ಕೊಡ್ಬೇಕಿತ್ತು.

ಕೈಮರದ ಏರು:
ಹೌಸ್ ಹಾಕ್ಕೊಂಡು ತುಳಿಯೋ ಆಸೆ ಇದ್ರೆ ಬಿಟ್ಬಿಡು. ನಿಮಿಷಕ್ಕೆ 120 ಬೀಟು, ಪೆಡಲ್ಲು 120 ಸುತ್ತು ತಿರುಗಿಸಿದ್ರೆ ಬಿ.ಎಂ. ರಸ್ತೇಲೇ ಪ್ರಾಣ ಹೋಗುತ್ತೆ.

ನಿವೃತ್ತ ಮೇಷ್ಟ್ರು:
ತಮಗೆ ಕಾಲು ಎರಡಿವೆ. ಬಲಗಾಲಿಗೆ ಒಂದು ಬೀಟು, ಎಡಗಾಲಿಗೆ ಒಂದು. 120 ಬೀಟಿಗೆ 60 ಸುತ್ತು. ಮುಂದಿನ ಹಲ್ಚಕ್ರ 46, ಹಿಂದಿನದು 18 ಎಂದು ಹಿಡಿಯಿರಿ. ಎರಡನೇ ಗೇರಿನಲ್ಲಿ ಪೆಡಲ್ ಒಂದು ಸುತ್ತಿಗೆ ಚಕ್ರ ಎರಡೂವರೆ ಸುತ್ತಿಗಿಂತ ತುಸು ಹೆಚ್ಚು. 28 ಇಂಚಿನ ಚಕ್ರದ ಸುತ್ತಳತೆ ಸುಮಾರು 2.2 ಮೀಟರು. ಒಂದು ಸುತ್ತಿಗೆ 5.6 ಮೀಟರು, ಗಂಟೆಗೆ ಸುಮಾರು 20 ಕಿಲೋಮೀಟರು. ಈ ಹಬ್ಬಿನ ಮೊದಲ ಗೇರು ಅದರ ಮುಕ್ಕಾಲು, ಅಂದರೆ 15. ಮೂರನೆಯದು ಮೂರನೇ ಒಂದು ಭಾಗ ಹೆಚ್ಚು, 27ರ ಹತ್ತಿರ. ಹಿಪ್ ಹಾಪ್ 90 ಬೀಟು ಎಂದರೆ ಎರಡನೇ ಗೇರಿನಲ್ಲಿ 15. ಕಾಲೇಜಿಗೆ ನಾನು 30 ವರ್ಷ ಹೋದದ್ದು ಹಿಪ್ ಹಾಪ್ ವೇಗದಲ್ಲಿ ಎಂದು ಈಗ ತಿಳಿಯಿತು.

ಮೂಡಿಗೆರೆ ಮಳೆ:
ಮೇಷ್ಟ್ರೇ 🙏 ಆದ್ರೂ ಇಯರ್‌ಫೋನ್ ಹಾಕ್ಕೊಂಡು ರಸ್ತೆಗೆ ಇಳೀಬೇಡ ಹೈದ. ಹಿಂದೆ ಬರೋ ಬಸ್ಸು ಬೀಟಿಗೆ ಹಾರ್ನ್ ಹೊಡೆಯಲ್ಲ.

ಬೇಲೂರು ಬೈಪಾಸ್:
ಹಬ್ಬಿಗೆ ಕೊಬ್ಬರಿ ಎಣ್ಣೆ ಬಿಡ್ಬಹುದಾ? ನಮ್ಮ ತಾತ ಬೀಗಕ್ಕೆಲ್ಲ ಅದೇ ಬಿಡ್ತಿದ್ರು.

ಹಳೇ ಸ್ಪ್ಯಾನರ್:
ಡಿಸೆಂಬರ್ ಬೆಳಿಗ್ಗೆ ಬಚ್ಚಲಲ್ಲಿ ಕೊಬ್ಬರಿ ಎಣ್ಣೆ ಬಾಟಲಿ ನೋಡಿದ್ದೀಯಾ? ಬೆಣ್ಣೆ ಥರ ನಿಂತಿರುತ್ತೆ. ಆ ಹಬ್ಬಿನೊಳಗೆ ಸಣ್ಣ ಸ್ಪ್ರಿಂಗಿನ ನಾಲಗೆಗಳಿವೆ, ಗಟ್ಟಿ ಎಣ್ಣೆಗೆ ಅಂಟ್ಕೊಂಡ್ರೆ ಪೆಡಲ್ ಸುಮ್ಮನೆ ತಿರುಗುತ್ತೆ. ಹೊಲಿಗೆ ಮಷೀನ್ ಎಣ್ಣೆ, ನಾಲ್ಕು ತೊಟ್ಟು.

ಸಂತೆಪೇಟೆ ಹೈದ:
ಎರಡು ಸುದ್ದಿ. ಮೊದಲನೇದು, ಅಜ್ಜೀನ ಕೇಳಿದೆ. 'ದೊರೆ 47ರಲ್ಲಿ ಕೊಟ್ಟಿದ್ದಾ?' ಅಂದೆ. ಅಜ್ಜಿ ಎಲೆ ಅಡಿಕೆ ಮಡಿಸ್ತಾ ಇದ್ದೋರು ನಿಲ್ಸಿ ನಕ್ರು. 'ಯಾವ ಕೊಡೋದು? ನನ್ನ ಮದುವೆ ಆಗಿ ಎರಡನೇ ವರ್ಷ ತಗೊಂಡಿದ್ದು. ಹದಿನೆಂಟು ತಿಂಗಳು ಸಂಬಳದಲ್ಲಿ ಹಿಡ್ಕೊಂಡ್ರು. ಆ ಹದಿನೆಂಟು ತಿಂಗಳು ಮನೇಲಿ ಕಾಫಿಗೆ ಸಕ್ಕರೆ ಇಲ್ಲ, ಬೆಲ್ಲ. ನಿಮ್ಮಜ್ಜಂಗೆ ಜಂಬ, ಊರಿಗೆಲ್ಲ ಉಡುಗೊರೆ ಅಂತ ಹೇಳ್ಕೊಂಡ್ರು' ಅಂದ್ರು. ಅಪ್ಪ ಎದ್ದು ಹೊರಗೆ ಹೋದ್ರು.

ಎರಡನೇದು, ಸೈಕಲ್ ಓಡ್ತು! ಬಣ್ಣ ಮುಟ್ಟಿಲ್ಲ. ಬೆಳಿಗ್ಗೆ ಆರಕ್ಕೆ ಸಾಲಗಾಮೆ ರಸ್ತೇಲಿ ಹೋದೆ, ಕ್ಯಾರಿಯರ್‌ಗೆ ಸಣ್ಣ ಸ್ಪೀಕರ್ ಕಟ್ಟಿ ಹೌಸ್-1. ಒಂದನೇ ಗೇರಲ್ಲಿ ಹಬ್ಬು ಸುಮ್ನಿರುತ್ತೆ, ಎರಡಕ್ಕೆ ಹಾಕಿದ್ರೆ ಟಿಕ್ ಟಿಕ್ ಟಿಕ್ ಶುರು. ಹಾಡಿನ ತಾಳಕ್ಕೂ ಅದಕ್ಕೂ ಹೊಂದಿಕೆ ಇಲ್ಲ, ಆದ್ರೂ ಯಾರೋ ಜೊತೆಗೆ ಮಂಜೀರ ಆಡಿಸ್ತಾ ಬಂದ ಹಾಗಿತ್ತು. ಅಲ್ಲೊಂದು ಏರಲ್ಲಿ ನಿಂತು ತುಳಿದೆ ನೋಡಿ, ಎರಡರಿಂದ ಮೂರರ ಮಧ್ಯ ಎಲ್ಲೋ ಹಿಡಿತ ತಪ್ಪಿ ಪೆಡಲ್ ಝಾಡಿಸ್ತು, ಬಾರ್ ಮೇಲೆ ಕೂತುಬಿಟ್ಟೆ. ಎಲ್ಲಿ ಪೆಟ್ಟಾಯ್ತು ಅಂತ ಕೇಳ್ಬೇಡಿ. ರಸ್ತೆ ಒದ್ದೆ ಇತ್ತು, ಬ್ರೇಕು ಹಿಡಿದ್ರೆ ಹಿಡಿದ ಹಾಗೇ ಇಲ್ಲ, ಬೇಲಿ ಕಳ್ಳಿಗೆ ಹೋಗಿ ನಿಂತೆ.

ಹಳೇ ಸ್ಪ್ಯಾನರ್:
ಕಬ್ಬಿಣದ ರಿಮ್ಮು ಒದ್ದೆಯಾದ್ರೆ ಹಾಗೇ, ಎಂಟು ಮಾರು ಮುಂಚೆ ಹಿಡೀಬೇಕು. ಎರಡಕ್ಕೂ ಮೂರಕ್ಕೂ ಮಧ್ಯ ಆ ಹಬ್ಬಿಗೆ ಒಂದು ಖಾಲಿ ಜಾಗ ಇದೆ. ಬಲಗಡೆ ಉದ್ದ ನಟ್ಟಲ್ಲಿ ಕಿಂಡಿ ಇದೆಯಲ್ಲ, ಎರಡನೇ ಗೇರಲ್ಲಿಟ್ಟು ಅದರೊಳಗೆ ನೋಡು. ಸಣ್ಣ ಸರಪಣಿ ಸಿಕ್ಕಿಸಿರೋ ಕಡ್ಡಿಯ ಭುಜ ಆಕ್ಸಲ್ ತುದಿಗೆ ಸಮ ಬರ್ಬೇಕು. ಬರೋ ತನಕ ಕೇಬಲ್ ಎಳಿ. ಅಲ್ಲಿ ತನಕ ನಿಂತು ತುಳೀಬೇಡ.

ಸೌಂಡ್ಸ್ ಮಾವ:
ಹೌಸ್ ಕ್ಯಾಸೆಟ್ಟು ನನಗೊಂದು ಕಾಪಿ ಕಳಿಸು. ಮೊಮ್ಮಗನ ಗೃಹಪ್ರವೇಶ ಇದೆ.

ಬೇಲೂರು ಬೈಪಾಸ್:
ಅದಿರ್ಲಿ, 28 ಒಂದೂವರೆ ಟೈರು ಹಾಸನದಲ್ಲಿ ಎಲ್ಲಿ ಸಿಕ್ತು ಹೇಳೋ? ಇಲ್ಲಿ ಮೂರು ಅಂಗಡೀಲಿ ಕೇಳಿದೆ, 26 ಹಿಡ್ಕೊಂಡು ಬಂದು 'ಇದೇ ಆಗುತ್ತೆ ತಗೋಳಿ' ಅಂತಾರೆ.